ಗುಬ್ಬಚ್ಚಿ ಧ್ವಜದ ರಥವು ಡೇರಿ ಹಂಪನ್ನು ದಾಟಿದ ಪ್ರಸಂಗ

ವಿಘ್ನಗಳಿಗೆಲ್ಲ ಒಡೆಯನಾದ ಡೊಳ್ಳುಹೊಟ್ಟೆಯ ದೇವನೇ, ನಡುರಸ್ತೆಯಲ್ಲಿ ಮಲಗಿದ್ದ ಒಂದು ಮೊಳದ ವಿಘ್ನದ ಕಥೆಯನ್ನು ಹೇಳಹೊರಟ ಈ ನಾಲಗೆಗೆ ತೊಡರು ಬಾರದಂತೆ ಕಾಪಾಡು.

ಎತ್ತಿನ ಗಾಡಿಗಳು ನೊಗ ಕಳಚಿ, ಹಿತ್ತಲ ಹುಲ್ಲುಮೆದೆಗೆ ಒರಗಿ ವಾನಪ್ರಸ್ಥವನ್ನು ಸ್ವೀಕರಿಸಿದ್ದ, ಜಗಲಿಜಗಲಿಯ ಮೇಲೂ ಹೆಲ್ಮೆಟ್ಟುಗಳು ಬೂದುಗುಂಬಳದಂತೆ ಉರುಳಾಡುತ್ತಿದ್ದ, ರಸ್ತೆಗೆ ಡಾಂಬರು ಬಿದ್ದು ಊರೂರಿಗೂ ವೇಗವೆಂಬ ಮದವೇರಿದ್ದ ಆ ಮಹಾಯುಗದಲ್ಲಿ, ನಾಗಮಂಗಲ ಸೀಮೆಯ ಹೊನ್ನೇಕೊಪ್ಪಲೆಂಬ ಗ್ರಾಮದಲ್ಲಿ, ಇಕ್ಷುರಸಪಾಕವಿಶಾರದನೂ, ಕೊಪ್ಪರಿಗೆಯ ಹೊಗೆಯಿಂದ ಧೂಸರಿತವಾದ ಮೀಸೆಯುಳ್ಳವನೂ, ಬೆಲ್ಲದ ಹದವನ್ನು ಮೂಗಿನಿಂದಲೇ ಅಳೆಯಬಲ್ಲವನೂ ಆದ ಬೋರಲಿಂಗೇಗೌಡನೆಂಬ ವೀರನಿದ್ದನು. ಬಿಡಿಸಿ ಹೇಳುವುದಾದರೆ, ಆಲೆಮನೆ ಇಟ್ಟುಕೊಂಡು ಕಬ್ಬು ಅರೆದು ಬೆಲ್ಲ ಕಾಯಿಸುವವನು. ಊರ ಪೌರಾಣಿಕ ನಾಟಕದಲ್ಲಿ ಪ್ರತಿ ಸಲವೂ ಗದೆ ಹಿಡಿಯುವ ಪಾತ್ರ ಇವನದೇ ಆದ್ದರಿಂದ, ಸಿಟ್ಟು ಬಂದಾಗ ಇವನ ಬಾಯಲ್ಲಿ ಗ್ರಾಂಥಿಕ ಭಾಷೆ ತಾನಾಗಿ ಹೊರಡುತ್ತಿತ್ತು.

ಈತನ ಬೆಲ್ಲವನ್ನು ಹಲವು ವರ್ಷ ಸಂತೆಗೆ ಹೊತ್ತದ್ದು ಗುಬ್ಬಚ್ಚಿ ಕಂಪನಿಯ ಗೂಡ್ಸ್ ಆಟೋ. ಆ ಕಂಪನಿಯೆಂದರೆ ಎಲ್ಲರಿಗೂ ಗೊತ್ತು: ಕೋಳಿ ಸಾಗಿಸುವ ಗಾಡಿ ಅದರದು, ಟೊಮೇಟೊ ಸಾಗಿಸುವ ಗಾಡಿ ಅದರದು, ಐದು ಜನರ ಸೀಟಿನಲ್ಲಿ ಒಂಬತ್ತು ಜನ ತುಂಬಿಕೊಂಡು ಬೆಳ್ಳೂರು ಕ್ರಾಸಿಗೆ ಓಡುವ ಬಾಡಿಗೆ ಕಾರೂ ಅದರದೇ. ಕಡಿಮೆ ಬೆಲೆ, ಕಡಿಮೆ ಡೀಸೆಲ್ಲು, ಯಾವ ಊರಿನಲ್ಲಿ ಕೆಟ್ಟರೂ ರಿಪೇರಿಗೆ ಒಬ್ಬ ಸಿಗುತ್ತಾನೆ. ಆ ಆಟೋ ಒಂದು ದಿನವೂ ಗೌಡನನ್ನು ದಾರಿಯಲ್ಲಿ ಕೈಬಿಟ್ಟಿರಲಿಲ್ಲ. ಹಾಗಿರುವಾಗ ಅದೇ ಕಂಪನಿ, ಅದ್ಯಾವ ಗಳಿಗೆಯಲ್ಲಿ ಏನು ಹೊಳೆಯಿತೋ, ‘ರಭಸ’ ಎಂಬ ಹೆಸರಿನ ಓಟದ ಕಾರನ್ನು ಮಾಡಿಬಿಟ್ಟಿತು. ಆಟೋದ ಮೇಲಿನ ನಂಬಿಕೆಯಿಂದಲೇ ಗೌಡನು ಅದನ್ನು ಕೊಂಡುಬಿಟ್ಟನು.

ಆ ರಥವನ್ನು ಹೇಗೆ ಬಣ್ಣಿಸಲಿ! ಹಣ್ಣು ಮೆಣಸಿನಕಾಯಿಯ ಕೆಂಪು. ಬೇಟೆಗೆ ಹೊಂಚುವ ಚಿರತೆಯಂತೆ ನೆಲಕ್ಕೆ ಅಂಟಿದ ಒಡಲು. ಬೆನ್ನ ಮೇಲೊಂದು ರೆಕ್ಕೆ. ನೆತ್ತಿಯ ಮೇಲೆ ತೆರೆದುಕೊಳ್ಳುವ ಗಾಜಿನ ಕಿಂಡಿ. ಒಳಗೆ ಕಣ್ಣಿಗೆ ಕಾಣದೆ ಕೆನೆಯುವ ನೂರೈವತ್ತು ಕುದುರೆಗಳು. ಇಷ್ಟೆಲ್ಲ ವೈಭವದ ತುತ್ತತುದಿಗೆ, ರಥದ ಮೂತಿಯ ಮೇಲೆ, ಕೋಳಿಗಾಡಿಯ ಮೇಲಿರುವಂಥದೇ ಬೆಳ್ಳಿ ಬಣ್ಣದ ಗುಬ್ಬಚ್ಚಿ. ಪೂರ್ವದ ಶೂರರು ಹದ್ದನ್ನೋ ಸಿಂಹವನ್ನೋ ಬಾವುಟಕ್ಕೇರಿಸಿ ಹೆಸರು ಪಡೆದರಷ್ಟೆ. ನಮ್ಮ ನಾಯಕನಿಗೆ ಚಟಕಧ್ವಜನೆಂಬ ಬಿರುದು ಇಲ್ಲಿಂದ ಮುಂದೆ ಸಲ್ಲತಕ್ಕದ್ದು.

ಬಿರುದು ಸಂದರೂ ಮರ್ಯಾದೆ ಸಲ್ಲಲಿಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ನಿಧಾನಿಸಿದರೆ ಸಾಕು, ಯಾರೋ ಹಿಂದಿನ ಬಾಗಿಲು ತೆಗೆದು ಹತ್ತಿ ಕೂರುತ್ತಿದ್ದರು. “ಕ್ರಾಸಿಗೆ ಬಿಡಪ್ಪ. ಇನ್ನೂ ಎಷ್ಟು ಜನ ತುಂಬ್ಬೇಕು ನಿಂಗೆ? ಹೊರಡು!” ಚಟಕಧ್ವಜನು ಹಲ್ಲು ಕಚ್ಚಿಕೊಂಡು ಅವರನ್ನು ಕ್ರಾಸಿಗೆ ಬಿಟ್ಟು ಬರುತ್ತಿದ್ದನು. ಇದೆಲ್ಲ ಸಹಿಸಬಹುದಾದ ನೋವು. ಸಹಿಸಲಾರದ್ದೊಂದಿತ್ತು: ಅವನ ಧರ್ಮಪತ್ನಿ ಚಿಕ್ಕತಾಯಮ್ಮ ಆ ಕಾರಿಗೆ ಹತ್ತುತ್ತಿರಲಿಲ್ಲ.

ಕಾರಣವು ಡೇರಿಯ ಮುಂದೆ ಮಲಗಿತ್ತು. ಹಿಂದೊಮ್ಮೆ ಪೇಟೆಯ ಹುಡುಗರ ಬೈಕು ಒಂದು ಕರುವಿಗೆ ಗುದ್ದಿದಾಗ, ಡೇರಿಯ ಡೈರೆಕ್ಟರಾಗಿದ್ದ ಗೌಡನೇ ಪಂಚೆ ಎತ್ತಿಕಟ್ಟಿ ನಿಂತು ರಸ್ತೆಗೆ ಅಡ್ಡಲಾಗಿ ಹಂಪು ಹಾಕಿಸಿದ್ದನು. ಗಾರೆಯವರು ಸಾಕು ಅಂದರೂ ಬಿಡಲಿಲ್ಲ. “ಇನ್ನೆರಡು ಬಾಂಡ್ಲಿ ಸುರೀರಲಾ! ಸ್ಪೀಡಾಗ್ ಬಂದೋನು ಜಲ್ಮದಾಗೆ ಮರೀಬಾರ್ದು!” ಸುರಿದರು. ಆ ಮಹಾಪರ್ವತಕ್ಕೆ ತಾನೇ ಒಂದು ದಿನ ಚಿರತೆಯಂಥ ಹೊಟ್ಟೆಯ ಕಾರನ್ನು ತಂದಾನೆಂದು ಆಗ ಯಾರು ಎಣಿಸಿದ್ದರು?

ಕಾರಿಗೆ ಪೂಜೆಯಾದ ದಿನ, ಚಕ್ರದಡಿ ನಿಂಬೆಹಣ್ಣು ಒಡೆದು, ಚಿಕ್ಕತಾಯಮ್ಮ ರೇಷ್ಮೆ ಸೀರೆಯುಟ್ಟು ಹಣ್ಣುಕಾಯಿಯ ತಟ್ಟೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹಂಪಿನ ಬುಡದಲ್ಲಿ ಕಾರು ನಿಂತಿತು. “ಒಸಿ ಇಳ್ಕೊ. ತಳ ತಗಲ್ತದೆ,” ಅಂದನು ಗಂಡ. ಅವಳು ಇಳಿದಳು. ಹಾಲು ಹಾಕಲು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಖಾಲಿ ಕಾರು ಮುಂದೆ, ತಟ್ಟೆ ಹಿಡಿದ ಒಡತಿ ಹಿಂದೆ. “ಇದೇನ್ ಚಿಕ್ತಾಯಕ್ಕ, ಕಾರಿಗೇ ನೀನು ಕಾವಲಾ?” ಎಂದು ಯಾರೋ ಕೇಳಿದರು. ಒಂದು ಕಿಸಕ್ಕು ಹುಟ್ಟಿ ಸಾಲಿನುದ್ದಕ್ಕೂ ಹರಿಯಿತು.

ಅಲ್ಲೇ ಆ ಮಾನಿನಿ ಶಪಥಗೈದಳು: “ನನ್ನ ಕೂರುಸ್ಕಂಡು ಈ ಹಂಪ್ ದಾಟೋ ಗಂಟ ಇದ್ರೊಳಕ್ಕೆ ಕಾಲಿಡಕಿಲ್ಲ.” ಅಂದಿನಿಂದ ಮದುವೆಗೋ ಮುಂಜಿಗೋ ಹೋಗಬೇಕಾದರೆ ಚಿಕ್ಕತಾಯಮ್ಮ ಸರ್ಕಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಳು, ಗಂಟೆಗೆ ಇನ್ನೂರು ಕಿಲೋಮೀಟರ್ ಓಡಬಲ್ಲ ರಭಸವು ಅದರ ಹೊಗೆ ಕುಡಿಯುತ್ತ, ಅದು ನಿಂತ ಸ್ಟಾಪಿನಲ್ಲೆಲ್ಲ ನಿಲ್ಲುತ್ತ, ಹಿಂದೆ ಬರುವುದು. ಪಕ್ಕದ ಖಾಲಿ ಸೀಟನ್ನು ನೋಡಿದಾಗಲೆಲ್ಲ ಗೌಡನಿಗೆ ಸಾರಿಲ್ಲದ ಮುದ್ದೆ ನುಂಗಿದಂತಾಗುತ್ತಿತ್ತು.

ಹೀಗಿರಲು ನೆಂಟರ ಮನೆಯ ಬೀಗರೂಟದ ದಿನ ಬಂತು. ಬೆಳಗಿನ ಹಾಲಿನ ಹೊತ್ತಿಗೆ ಸರಿಯಾಗಿ ಚಿಕ್ಕತಾಯಮ್ಮನ ತಮ್ಮ, ರಸ್ತೆ ಕಾಂಟ್ರಾಕ್ಟಿನಲ್ಲಿ ಮೇಲೆ ಬಂದ ಮರಿಸ್ವಾಮಿ, ಆಳೆತ್ತರದ ಪರದೇಶಿ ಗಾಡಿಯಲ್ಲಿ ಹೆಂಡತಿಯೊಡನೆ ಬಂದಿಳಿದನು. ಬಿಳಿ ಷರ್ಟು, ಬಿಳಿ ಪ್ಯಾಂಟು, ಬಿಳಿ ಗಾಡಿ.

“ಬಾ ಅಕ್ಕ, ನಮ್ ಗಾಡೀಲೇ ಹೋಗವ. ಭಾವಂದು ಗುಬ್ಬಚ್ಚಿ ಅಲ್ವಾ, ಹಂಪ್ ಕಂಡ್ರೆ ಕಾವಿಗೆ ಕುಂತ್ಕತದೆ.”

ಪಕ್ಕದಲ್ಲಿದ್ದ ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ನಗೆಯು ಚಟಕಧ್ವಜನ ಕಿವಿಗೆ ಕಾದ ಪಾಕದ ಹನಿಯಂತೆ ಬಿದ್ದಿತು. ಅವನು ಹೆಗಲ ಮೇಲಿನ ಟವಲನ್ನು ಕೊಡವಿ, ಎದೆಯುಬ್ಬಿಸಿ, ರಂಗದ ಮೇಲೆ ನಿಂತಂತೆ ನಿಂತು ಗರ್ಜಿಸಿದನು:

“ಎಲವೋ ಮರಿಸ್ವಾಮಿ! ನಿನ್ನ ವಾಹನವು ಎತ್ತರವೆಂದು ಹಿಗ್ಗಬೇಡ. ಎತ್ತರವೇ ಪೌರುಷವಾಗಿದ್ದರೆ ಗದ್ದೆಯ ಕೊಕ್ಕರೆಯೇ ಭೂಮಂಡಲವನ್ನಾಳುತ್ತಿತ್ತು! ಕೋಳಿ ಹೊತ್ತ ಕುಲದಲ್ಲಿ ಹುಟ್ಟಿದೆಯೆಂದು ನನ್ನ ರಥವನ್ನು ಹಳಿಯುವೆಯಾ? ಹೊತ್ತ ಕುಲವದು, ಎಂದೂ ಒಡೆಯನನ್ನು ನಡುದಾರಿಯಲ್ಲಿ ಬಿಟ್ಟ ಕುಲವಲ್ಲ! ನೀನು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟರಲ್ಲಿ ಅದು ನೂರರ ವೇಗವನ್ನು ಮುಟ್ಟಿ ಬರುವುದು. ಇಂದು ನಿನ್ನ ಅಕ್ಕನನ್ನು ನನ್ನ ಬಲಗಡೆಯಲ್ಲಿ...” ಎಂದವನು ಸ್ಟೇರಿಂಗಿನ ನೆನಪಾಗಿ ತಿದ್ದಿಕೊಂಡನು, “ಎಡಗಡೆಯಲ್ಲಿ ಕೂರಿಸಿಕೊಂಡು ಆ ಹಂಪನ್ನು ದಾಟದಿದ್ದರೆ, ಈ ಮೀಸೆಯನ್ನು ಬೋಳಿಸುವೆನು!”

“ಮೀಸೆ ಇರ್ಲಿ ಬುಡಿ ಭಾವ, ಅಕ್ಕಂಗೆ ಗುರ್ತು ಸಿಗಬೇಡ್ವಾ?” ಅಂದನು ಮರಿಸ್ವಾಮಿ.

ಚಿಕ್ಕತಾಯಮ್ಮ ಇಬ್ಬರನ್ನೂ ನೋಡಿದಳು. ತಮ್ಮನ ಮಾತು ಅವಳಿಗೂ ನಾಟಿತ್ತು. ಗಂಡನ ಕಾರನ್ನು ತಾನು ಹಳಿಯುವುದು ಬೇರೆ, ತಮ್ಮನ ಹೆಂಡತಿ ನಗುವುದು ಬೇರೆ. “ಸರಿ, ಕುಂತ್ಕತೀನಿ,” ಅಂದಳು. “ದಾಟ್ತು ಅಂದ್ರೆ ಇನ್ನು ಬಸ್ ಹತ್ತಕಿಲ್ಲ, ಎಲ್ಲೋದ್ರೂ ಇದ್ರಲ್ಲೇ. ದಾಟ್ನಿಲ್ಲ ಅಂದ್ರೆ ನಾಳೀಕೆ ಇದನ್ನ ಮಾರ್ಬುಟ್ಟು ಎತ್ತರದ್ ಗಾಡಿ ತನ್ನಿ. ಒಪ್ಗೆನಾ?”

ಚಟಕಧ್ವಜನು ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡನು. “ಒಪ್ಗೆ,” ಅಂದನು. ಗ್ರಾಂಥಿಕವು ಎಲ್ಲೋ ಅಡಗಿಹೋಗಿತ್ತು.

ಆಹಾ, ಆ ರಣಭೂಮಿ! ಎಡಕ್ಕೆ ಹಾಲಿನ ಕ್ಯಾನುಗಳ ಸೇನೆ, ಬಲಕ್ಕೆ ಕಟ್ಟೆಯ ಮೇಲೆ ಬೀಡಿ ಸೇದುವ ಹಿರಿಯರ ಸಭೆ, ನಡುವೆ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಉಬ್ಬಿ ನಿಂತ ಆ ದುರ್ಲಂಘ್ಯ, ದುರ್ಧರ್ಷ, ಸ್ವಹಸ್ತನಿರ್ಮಿತ ಶೈಲ. ಸುದ್ದಿ ಕಾರಿಗಿಂತ ಮುಂದೆ ಓಡಿತ್ತು. ಡೇರಿಯ ಸೆಕ್ರೆಟರಿ ಕೆಂಪರಾಜು ಹಾಲು ಅಳೆಯುವುದನ್ನೇ ಬಿಟ್ಟು ಹೊರಗೆ ಬಂದು ನಿಂತಿದ್ದನು. ರಭಸವು ಗುಡುಗುಟ್ಟುತ್ತ ಬಂದಿತು. ಮುಂದಿನ ಸೀಟಿನಲ್ಲಿ ಚಿಕ್ಕತಾಯಮ್ಮ, ಕಣ್ಣು ನೇರ, ಮಡಿಲಲ್ಲಿ ಮುಯ್ಯಿಗೆ ಕೊಡುವ ದೊಡ್ಡ ಸ್ಟೀಲ್ ಪಾತ್ರೆ, ಕೊಳದಪ್ಪಲೆ.

“ಓರೆ ಹೊಡೀರಿ ಗೌಡ್ರೆ! ಓರೆಗೆ!” ಎಂದು ಕೂಗಿದನು ಕೆಂಪರಾಜು.

ಗೌಡನಿಗೂ ಅದು ಗೊತ್ತಿತ್ತು. ತಗ್ಗು ಕಾರಿನವರೆಲ್ಲ ಬಲ್ಲ ವಿದ್ಯೆ: ಹಂಪಿಗೆ ಓರೆಯಾಗಿ ಹೋಗಬೇಕು, ಒಂದೊಂದೇ ಚಕ್ರ ಹತ್ತಿಸಬೇಕು, ಉಸಿರು ಬಿಗಿಹಿಡಿಯಬೇಕು. ಮೊದಲ ಚಕ್ರ ಹತ್ತಿತು. ಎರಡನೆಯದು ಹತ್ತಿತು. ಒಂದು ಇಳಿಯಿತು. ಆ ಗಳಿಗೆಯಲ್ಲಿ ಹಿಂದಿನಿಂದ ಮರಿಸ್ವಾಮಿಯ ಗಾಡಿ “ಪೇಂ” ಎಂದು ಹಾರ್ನ್ ಮಾಡಿತು.

ವೀರರಿಗೆ ಒಂದೊಂದು ಮರ್ಮಸ್ಥಾನವಿರುತ್ತದೆ, ಚಟಕಧ್ವಜನದು ಕಿವಿಯಲ್ಲಿತ್ತು. ಅವನು ಸ್ಟೇರಿಂಗನ್ನು ನೇರಕ್ಕೆ ತಿರುಗಿಸಿ ಕಾಲು ಒತ್ತಿಬಿಟ್ಟನು. ನೂರೈವತ್ತು ಕುದುರೆಗಳೂ ಒಟ್ಟಿಗೆ ನೆಗೆದವು. “ಕರ್ರ್ರ್” ಎಂಬ ಘೋರಧ್ವನಿ ಎದ್ದಿತು. ಮುಂದಿನ ಚಕ್ರಗಳು ಸುತ್ತಿದವು, ರಬ್ಬರು ಸುಟ್ಟ ವಾಸನೆ ಬಂತು, ಕಾರು ಕದಲಲಿಲ್ಲ. ಗುಬ್ಬಚ್ಚಿಯು ಹಂಪಿನ ಮೇಲೆ, ಮರಿಸ್ವಾಮಿ ಹೇಳಿದಂತೆಯೇ, ಕಾವಿಗೆ ಕೂತಿತ್ತು.

ಕಟ್ಟೆಯ ಮೇಲೆ ನಗೆ ಎದ್ದಿತು. ಎದುರಿನಿಂದ ಬಂದ ಸರ್ಕಾರಿ ಬಸ್ಸು ನಿಂತು, ಕಿಟಕಿಗಳಲ್ಲೆಲ್ಲ ತಲೆ ಮೂಡಿದವು. ಮರಿಸ್ವಾಮಿ ಇಳಿದು ಬಂದು ಕಿಟಕಿಗೆ ಬಗ್ಗಿದನು. “ಇಳ್ಕಳಕ್ಕ. ಪಾಪ, ಗಾಡಿ ಹಗುರಾಗ್ಲಿ.”

“ಇಳಿಯಕಿಲ್ಲ,” ಅಂದಳು ಚಿಕ್ಕತಾಯಮ್ಮ.

ಕೆಂಪರಾಜು ಕೈ ಮುಗಿದನು. “ಅಕ್ಕಾವ್ರೆ, ಒಂದೇ ಒಂದು ನಿಮಿಷ...”

“ಇಳಿಯಕಿಲ್ಲ ಅಂದ್ನಲ್ಲ.”

ಗೌಡನು ಸೋತ ದನಿಯಲ್ಲಿ ಪಿಸುಗುಟ್ಟಿದನು. “ಇಳ್ಕೊ ಮಾರಾಯ್ತಿ. ಆಯ್ತು, ನಾನೇ ಸೋತೆ. ನಾಳೆ ಮಾರ್ಬುಡವ.”

ಅವಳು ಅವನ ಕಡೆ ತಿರುಗಲೂ ಇಲ್ಲ. “ನೀವು ಸುಮ್ಕಿರಿ. ಬೇಕಾದ್ರೆ ನೀವ್ ಇಳೀರಿ. ನಾನು ಕುಂತ ಜಾಗದಿಂದ ಏಳಕಿಲ್ಲ. ಹಿಂಗೇ ಎತ್ತಲಿ.”

ಸಭೆ ಬೆಕ್ಕಸಬೆರಗಾಯಿತು. ಎಂಥ ಛಲ! ಎಂಥ ಪತಿಪಕ್ಷಪಾತ! ಮಾತು ಕೊಟ್ಟ ಮೇಲೆ ಮೇರುವಿನಂತೆ ಅಚಲಳಾಗಿ, ದಪ್ಪಲೆಯನ್ನು ಎದೆಗೊತ್ತಿ ಕೂತ ಆ ಮಹಾಸತಿಯನ್ನು ಕಂಡು ನಗು ಅಲ್ಲೇ ನಿಂತಿತು. ಕಟ್ಟೆಯಿಂದ ಒಬ್ಬ ಮುದುಕ ಬೀಡಿ ಎಸೆದು ಎದ್ದನು. “ಗಂಡನ್ ಮಾನ ಹಿಡ್ಕಂಡ್ ಕುಂತವ್ಳೆ ಕಣ್ರಲಾ. ಬನ್ನಿ, ಕೈ ಹಾಕಿ!”

ಕ್ಯಾನುಗಳು ನೆಲಕ್ಕಿಳಿದವು. ಹಾಲಿನವರು ಬಂದರು, ಕಟ್ಟೆಯವರು ಬಂದರು, ಬಸ್ಸಿನ ಕಂಡಕ್ಟರು ಟಿಕೆಟ್ ಮಿಷನ್ನನ್ನು ಡ್ರೈವರಿಗೆ ಕೊಟ್ಟು ಬಂದನು. ಅಕ್ಕನ ಮೊಂಡುತನದ ಮುಂದೆ ನಿಲ್ಲಲಾರದೆ ಮರಿಸ್ವಾಮಿಯೂ ಬಿಳಿ ತೋಳು ಮಡಿಸಿ ಹಿಂದಿನ ರೆಕ್ಕೆಯ ಕೆಳಗೆ ಹೆಗಲು ಕೊಟ್ಟನು. ಚಟಕಧ್ವಜನು, ಭಾರ ಕಡಿಮೆಯಾಗಲೆಂದು ತಾನೇ ಇಳಿದು, ಕಿಟಕಿಯೊಳಗೆ ಕೈ ತೂರಿಸಿ ಸ್ಟೇರಿಂಗು ಹಿಡಿದನು. “ಐಸಾ!” ಎಂದರು. “ಐಸಾ!” ಎಂದರು. ಮೂರನೆಯ ಕೂಗಿಗೆ ರಥವು ನೆಲ ಬಿಟ್ಟಿತು. ಒಡತಿ ಕೂತೇ ಇದ್ದಳು. ಒಡೆಯನು ಟವಲು ಜಾರಿಸಿಕೊಂಡು, ಪಕ್ಕದಲ್ಲಿ ನಡೆದುಕೊಂಡು ಹಂಪು ದಾಟಿದನು.

ಜಯವಾಯಿತು! ಬಸ್ಸು ಹಾರ್ನ್ ಊದಿತು. ಎಮ್ಮೆಯೊಂದು ಕೂಗಿತು. ಈ ಪ್ರಸಂಗವನ್ನು ಶ್ರದ್ಧೆಯಿಂದ ಕೇಳಿದವರ ಸೈಲೆನ್ಸರು ಎಂದೂ ನೆಲ ಮುಟ್ಟದು, ಅವರ ಟಯರಿಗೆ ಮೊಳೆ ಹೊಗದು, ಅವರ ಬಾಮೈದರ ಷರ್ಟಿನ ಮೇಲೆ ಗ್ರೀಸಿನ ಕಲೆಯಾಗುವುದು.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಬೀಗರೂಟಕ್ಕೆ ಹೋಗಲೇಬೇಕಿತ್ತಲ್ಲ.

ದಾರಿಯುದ್ದಕ್ಕೂ ಗೌಡನ ಎದೆ ತುಂಬಿತ್ತು. ಎಲ್ಲ ಬಸ್‌ಸ್ಟಾಪನ್ನೂ ನಿಲ್ಲದೆ ದಾಟಿದನು. ಪಕ್ಕದ ಸೀಟಿನಲ್ಲಿ ಹೆಂಡತಿ. ಕಿಂಡಿಯಿಂದ ಬಿಸಿಲು ಅವಳ ಮೂಗುಬೊಟ್ಟಿನ ಮೇಲೆ ಬಿದ್ದಿತ್ತು. ಕಲ್ಯಾಣ ಮಂಟಪದ ಮುಂದೆ ಕಾರು ನಿಲ್ಲಿಸಿ, ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದನು. ಮರಿಸ್ವಾಮಿಯೂ ಅವನ ಹೆಂಡತಿಯೂ ತಮ್ಮ ಗಾಡಿಯಿಂದಿಳಿದು ಒಳಗೆ ಹೋದರು. ಚಿಕ್ಕತಾಯಮ್ಮ ಇಳಿಯಲಿಲ್ಲ.

“ಏನು, ಸೀಟ್ ಬುಡಕ್ಕೇ ಮನಸ್ ಬರ್ತಿಲ್ವಾ?” ಅಂದನು ಗೌಡ, ಹಿಗ್ಗಿ.

ಅವಳು ಮಂಟಪದ ಬಾಗಿಲ ಕಡೆ ನೋಡಿದಳು, ಗೇಟಿನ ಕಡೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದಪ್ಪಲೆಯನ್ನು ಅವನ ಕೈಗೆ ಕೊಟ್ಟಳು.

“ಕೈ ಕೊಡಿ ಬೇಗ. ಬೆಳಿಗ್ಗೆ ಅದೇನೋ ಗುಂಡಿ ಒತ್ತಿ ಸೀಟ್‌ನ ಪಾತಾಳಕ್ಕೆ ಇಳಿಸ್ಬುಟ್ರಲ್ಲ, ಕುಂತೋಳು ಕುಂತಂಗೇ ಮಂಡಿ ಹಿಡ್ಕಂಡದೆ. ಆಗ್ಲೂ ಏಳಕಾಗ್ದೆಯೇ ಕುಂತಿದ್ದು ನಾನು. ಅವ್ರ ಮುಂದೆ ಹೆಂಗ್ ಹೇಳ್ಲಿ?”

ಗೌಡನು ದಪ್ಪಲೆಯನ್ನು ಕಾರಿನ ನೆತ್ತಿಯ ಮೇಲಿಟ್ಟನು. ಅವಳ ಎರಡೂ ಕೈ ಹಿಡಿದು, ಒಂದು ಕಾಲನ್ನು ಬಾಗಿಲಿಗೆ ಒತ್ತಿಕೊಟ್ಟು ನಿಂತನು. ನಗು ಬರುತ್ತಿತ್ತು, ತಡೆದುಕೊಂಡನು.

“ಮರಿಸ್ವಾಮಿ ಹತ್ರ ಉಸ್ರೆತ್ತೀರ ಮತ್ತೆ,” ಅಂದಳು ಅವಳು. “ಊಟಕ್ಕೆ ಕೂರಿಸ್ತಾವ್ರೆ, ಮುದ್ದೆ ಆರೋಯ್ತದೆ. ಎಳೀರಿ.”