ನೈರೋಬಿಯ ಒಲೆ, ಧಾರವಾಡದ ಪಡಸಾಲೆ

ಮುರಿಗೆವ್ವ: ಮುಂಜಾನಿಂದ ತಾಯ್ನಾಡು ತಾಯ್ನಾಡು ಅಂತ ಮೂರು ಸಲ ಅಂದ್ರಿ. ಮೂರೂ ಸಲ ಚಾ ಮಾಡಿದಾಕಿ ನಾನು.

ಗುರುಸಿದ್ದಯ್ಯ: ನಾ ದೇಶದ ಮಾತು ಆಡಾಕತ್ತೇನಿ, ನೀ ಚಾದ ಮಾತು ಆಡತಿ!

ಮುರಿಗೆವ್ವ: ನಿಮ್ಮ ದೇಶ ಚಾ ಇಲ್ಲದ ಒಂದು ತಾಸು ನಡ್ಯೂದಿಲ್ಲಲ್ಲ, ಅದಕ್ಕ.

ಗುರುಸಿದ್ದಯ್ಯನವರು ಪಡಸಾಲೆಯ ಲೋಡಿಗೆ ಒರಗಿ ಕಾಲು ಚಾಚಿದ್ದರು. ನೈರೋಬಿಯ ರೈಲ್ವೆ ಉಗ್ರಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ನಟ್ಟು ಬೋಲ್ಟುಗಳ ಕಾವಲು ಕಾಯ್ದು, ನಿವೃತ್ತರಾಗಿ, ಹೆಂಡತಿಯೊಂದಿಗೆ ಧಾರವಾಡದ ಮದಿಹಾಳದಲ್ಲಿದ್ದ ಅಣ್ಣನ ಮನೆಗೆ ಬಂದು ತಿಂಗಳಾಗಿತ್ತು. ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿದ್ದ ನಮ್ಮವರೆಲ್ಲ ಇರುವುದೋ ಬಿಡುವುದೋ ತಿಳಿಯದೆ ಹೊಸ್ತಿಲ ಮೇಲೆ ನಿಂತವರಂತಿದ್ದರು. ಇವರೂ ನೈರೋಬಿಯ ಪಂಗಾನಿ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಗೆ ಬೀಗ ಹಾಕಿ, ಊರಿಗೆ ಹೋಗಿ ನೋಡಿ ತೀರ್ಮಾನ ಮಾಡೋಣ ಎಂದು ಬಂದವರು. ಮುಂಬಯಿಯಿಂದ ಮೊಂಬಾಸಾಕ್ಕೆ ಹಡಗು ಹೊರಡಲು ಇನ್ನು ಎಂಟು ದಿನ. ಇಲ್ಲೇ ಇರಬೇಕು ಎನ್ನುವವರು ಗುರುಸಿದ್ದಯ್ಯನವರು. ಹೋಗಲೇಬೇಕು ಎನ್ನುವವಳು ಮುರಿಗೆವ್ವ.

ಯಾಕೆ ಹೋಗಬೇಕು ಎಂದು ಕೇಳಿದರೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ಬರುವಾಗ ಹಡಗಿನಲ್ಲಿ ಗಂಡ ಅವಳ ಕೈಯಲ್ಲಿ ಲಿಂಗ ಹಿಡಿಸಿ ಒಂದು ಆಣೆ ಹಾಕಿಸಿಕೊಂಡಿದ್ದರು. ಆ ಆಣೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು; ಲಿಂಗವಂತರ ಮನೆಯಲ್ಲಿ ಅಂಥ ಹೋಲಿಕೆ ಕೊಡಬಾರದು, ಆದರೆ ನೋವು ಅಂಥದೇ.

ಆ ಹೊತ್ತಿಗೆ ಎದುರು ಮನೆಯ ಜೋಳದ ವ್ಯಾಪಾರಿ ರಾಮಪ್ಪ ಒಳಗೆ ಬಂದ. ಅಯ್ಯನವರ ಮನೆತನದ ಭಕ್ತ. ದಿನವೂ ಒಲೆ ಹೊತ್ತಿದ ಹೊಗೆ ಕಂಡ ಕೂಡಲೇ ಅವನ ಭಕ್ತಿ ಉಕ್ಕುತ್ತಿತ್ತು.

ರಾಮಪ್ಪ: ಶರಣ್ರಿ ಅಯ್ನಾರ! ಏನ್ ನಿಕಾಲಿ ಆತ್ರಿ? ಇರತೀರೋ, ಹೋಗತೀರೋ?

ಗುರುಸಿದ್ದಯ್ಯ: ನೀವ ಹೇಳ್ರಿ ರಾಮಪ್ಪ. ಮುಪ್ಪಿನ ಕಾಲಕ್ಕ ಮನಶ್ಯಾ ಎಲ್ಲೆ ಇರಬೇಕು?

ರಾಮಪ್ಪ: ತನ್ನ ಮಣ್ಣಾಗ ಇರಬೇಕ್ರಿ! ಅಲ್ಲೆ ಏನೈತಿ? ಇಲ್ಲೆ ನೀವು ಓಣ್ಯಾಗ ಹೊಂಟ್ರ ಹತ್ತು ಮಂದಿ ಕಾಲ ಮುಟ್ಟತಾರ. ಅಲ್ಲೆ ಯಾರು ಮುಟ್ಟತಾರ?

ಮುರಿಗೆವ್ವ: ಅಲ್ಲೆ ಬಸ್ಸಿನ್ಯಾಗ ಮುಟ್ಟತಾರ್ರಿ. ಮುಟ್ಟಿ "ಸರದ ನಿಲ್ರಿ" ಅಂತಾರ.

ಗುರುಸಿದ್ದಯ್ಯ: ನೋಡ್ರಿ, ಇಕಿ ಹಿಂಗ. ಇಲ್ಲೆ ಇದ್ರ ಗದಗಿಗೆ ಕೊಟ್ಟ ಮಗಳು ಹತ್ರ ಆಗತಾಳ ಅಂದ್ರೂ ಕೇಳೂದಿಲ್ಲ.

ಮುರಿಗೆವ್ವ: ಮಗಳು ಗದಗಿನ್ಯಾಗ ಹನ್ನೊಂದು ಮಂದಿಗೆ ರೊಟ್ಟಿ ಬಡೀತಾಳ, ನಾ ಇಲ್ಲೆ ಒಂಬತ್ತು ಮಂದಿಗೆ. ಇಬ್ಬರೂ ಕೈತೊಳಕೊಂಡು ಭೆಟ್ಟಿ ಆಗೂದು ಯಾವಾಗ?

ಒಳಗಿನಿಂದ ಈರವ್ವ ಕೂಗಿದಳು. ಈ ಮನೆಯ ಹಿರಿಯ ಸೊಸೆ, ಗುರುಸಿದ್ದಯ್ಯನವರ ಅಣ್ಣನ ಹೆಂಡತಿ. ಗಂಡ ಶಾಂತಯ್ಯ ಮಠದ ಕೆಲಸಕ್ಕೆ ಹೋದರೆ ಬರುವುದು ಊಟಕ್ಕೇ. ಈರವ್ವನ ಸೊಸೆ ಹೆರಿಗೆಗೆಂದು ಅಮ್ಮಿನಬಾವಿಯ ತವರಿಗೆ ಹೋಗಿದ್ದಳು. ಹೀಗಾಗಿ ಅಡಿಗೆಮನೆಯಲ್ಲಿ ಉಳಿದದ್ದು ನಾಲ್ಕು ಕೈ. ಗಂಡಸರ ಪಂಕ್ತಿ ಎದ್ದ ಮೇಲೆ ಆ ನಾಲ್ಕು ಕೈಗೆ ಸಿಗುತ್ತಿದ್ದದ್ದು ಆರಿ ಚರ್ಮವಾದ ರೊಟ್ಟಿ. ಊರಿಗೆ ಬಂದಂದಿನಿಂದ ಮುರಿಗೆವ್ವ ಒಂದು ಬಿಸಿ ರೊಟ್ಟಿ ಮುರಿದಿರಲಿಲ್ಲ.

ಈರವ್ವ: ಮುರಿಗೆವ್ವಾ, ಬಾ ಇಲ್ಲೆ. ಹಂಚು ಇಟ್ಟೇನಿ.

ಮುರಿಗೆವ್ವ ಹೋಗಿ ಹಿಟ್ಟಿನ ಮುಂದೆ ಕುಳಿತಳು. ಅವಳು ಬಡಿಯುವುದು, ಈರವ್ವ ಬೇಯಿಸುವುದು. ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಬಾಗಿಲು. ಬಾಗಿಲು ಎಂದರೆ ಚೌಕಟ್ಟು ಮಾತ್ರ. ಅತ್ತ ಆಡಿದ್ದು ಇತ್ತ, ಇತ್ತ ಸುಟ್ಟಿದ್ದು ಅತ್ತ.

ಈರವ್ವ: ಖರೇ ಹೇಳು ನನ್ನ ಮುಂದ. ನನ್ನ ಸಂಗಾಟ ಇರೂದು ಬ್ಯಾಡಾಗೇತೇನ ನಿನಗ?

ಮುರಿಗೆವ್ವ: ಅಯ್ಯ ಅಕ್ಕಾರ! ಹಂಗ್ಯಾಕ ಅಂತೀರಿ?

ಈರವ್ವ: ಮತ್ತ ಹ್ಯಾಂಗ ಅನ್ನಲಿ? ಮೈದುನಾರು ಇರತೇನಿ ಅಂತಾರ, ನೀ ಒಲ್ಲೆ ಅಂತಿ. ಓಣ್ಯಾಗಿನವರು ಏನಂದಾರು? ಹಿರೇ ನೆಗೆಣ್ಣಿ ಕಾಟ ಕೊಟ್ಲು, ಸಮುದ್ರ ದಾಟಿ ಓಡಿ ಹೋದ್ಲು ಅಂತಾರ.

ಮುರಿಗೆವ್ವ: ನಿಮ್ಮ ಕಾಟ ಅಲ್ರಿ. ಅಲ್ಲೆ ನನಗ ಕೆಲಸ ಹಗರ ಇತ್ತು.

ಈರವ್ವ: ಹಗರ ಅಂದ್ರ? ಆಳು ಇತ್ತೇನ ಕೈ ಕೆಳಗ?

ಮುರಿಗೆವ್ವ ಹಿಟ್ಟು ಬಡಿಯುತ್ತ ಒಂದು ಕ್ಷಣ ಯೋಚಿಸಿದಳು. ನೈರೋಬಿಯ ಅಡಿಗೆಮನೆಯ ಮಾತು ಬಂದರೆ ಗಂಡನ ಹೆಸರು ತೆಗೆಯುವುದಿಲ್ಲ ಎಂದು ಆಣೆ. ಹೆಸರು ತೆಗೆಯದೆ ಮಾತಾಡಬಾರದು ಎಂದೇನೂ ಆಣೆಯಲ್ಲಿ ಇರಲಿಲ್ಲ.

ಮುರಿಗೆವ್ವ: ಒಬ್ಬರಿದ್ರು.

ಈರವ್ವ: ಹೆಣ್ಣಾಳೋ ಗಂಡಾಳೋ?

ಮುರಿಗೆವ್ವ: ಗಂಡಸರು.

ಈರವ್ವ: ಶಿವನ! ಗಂಡಸು ಅಡಗಿ ಮನ್ಯಾಗ? ಕೆಲಸ ಛಲೋ ಮಾಡತಿದ್ದನೇನ?

ಮುರಿಗೆವ್ವ: ಮುಂಜಾನಿ ಛಲೋ. ಸಂಜಿಕ ಒಂದೀಟು ಸಿಟ್ಟು ಇರತಿತ್ತು.

ಪಡಸಾಲೆಯಲ್ಲಿ ಗುರುಸಿದ್ದಯ್ಯನವರಿಗೆ ಕೆಮ್ಮು ಬಂತು.

ರಾಮಪ್ಪ: ನೀರು ಬೇಕೇನ್ರಿ ಅಯ್ನಾರ?

ಗುರುಸಿದ್ದಯ್ಯ: ಬ್ಯಾಡ, ಬ್ಯಾಡ. ಹೊಗಿ.

ಈರವ್ವ: ಪಗಾರ ಏನ ಕೊಡತಿದ್ದಿ ಆ ಗಂಡಾಳಿಗೆ?

ಮುರಿಗೆವ್ವ: ನಾ ಎಲ್ಲಿ ಕೊಡತಿದ್ದೆ ಅಕ್ಕಾರ? ತಿಂಗಳಾ ತಿಂಗಳಾ ಅವರಽ ನನ್ನ ಕೈಯಾಗ ಪಗಾರ ತಂದಿಡತಿದ್ರು.

ಈರವ್ವನ ಕೈಯಲ್ಲಿದ್ದ ಒದ್ದೆ ಅರಿವೆ ಅಲ್ಲೇ ನಿಂತಿತು.

ಈರವ್ವ: ಆಳು ಧಣಿಗೆ ಪಗಾರ ಕೊಡತಾನೇನ? ಅದೆಂಥಾ ದೇಶ ಐತವ್ವಾ ಅದು! ಹಂಗಿದ್ರ ನೀ ಹೋಗತೇನಿ ಅನ್ನೂದರಾಗ ತಪ್ಪಿಲ್ಲ ಬಿಡು.

ರಾಮಪ್ಪ: (ಮೆಲ್ಲಗೆ) ಅಯ್ನಾರ, ಅಂಥಾ ಆಳು ನನಗೊಬ್ಬಾವ ಸಿಗಬಹುದೇನ್ರಿ?

ಗುರುಸಿದ್ದಯ್ಯ: ಹೆಂಗಸರ ಮಾತಿಗೆ ಕಿವಿ ಕೊಡಬ್ಯಾಡ್ರಿ. ನಾ ಏನ ಹೇಳಾಕತ್ತಿದ್ದೆ? ಹಾಂ, ತಾಯ್ನಾಡು. ಮನಶ್ಯಾ ದುಡಿದು ದಣದು ಬಂದಾಗ ತನ್ನ ನೆಲ, ತನ್ನ ಗಾಳಿ, ತನ್ನ...

ಮಾತು ಅಲ್ಲಿಗೆ ನಿಂತಿತು. ಮೂಗು ಅಡಿಗೆಮನೆಯತ್ತ ತಿರುಗಿತು. ಕಣ್ಣು ಸಣ್ಣಗಾದವು.

ಗುರುಸಿದ್ದಯ್ಯ: (ಕೂಗಿ) ವೈನೀ! ಆ ರೊಟ್ಟಿಗೆ ನೀರು ಹಚ್ಚೂದು ತಡ ಆಗೇತಿ! ಮ್ಯಾಲಿನ ಹಿಟ್ಟು ಒಣಗಿತು, ಇನ್ನ ಅದು ಉಬ್ಬೂದಿಲ್ಲ, ಅಂಚು ಸೀಳತೈತಿ!

ಹಂಚಿನ ಮೇಲೆ ರೊಟ್ಟಿಯ ಅಂಚು, ಹೇಳಿದ ಮಾತು ಕೇಳಿದಂತೆ, ಸೀಳಿತು.

ಈರವ್ವ ಎದ್ದು ಬಾಗಿಲಿಗೆ ಬಂದು ನಿಂತಳು.

ಈರವ್ವ: ಮೈದುನಾರ, ಈ ಒಲಿ ಮುಂದ ಕುಂತು ನನಗ ನಲವತ್ತು ವರ್ಷ ಆತು. ರೊಟ್ಟಿಗೆ ನೀರು ಹಚ್ಚತಾರ ಅನ್ನೂದು ನಿಮ್ಮ ಅಣ್ಣಗ ಇವತ್ತಿನ ತನಕ ಗೊತ್ತಿಲ್ಲ. ಯಾವಾಗ ಹಚ್ಚಬೇಕು ಅನ್ನೂದು ನಿಮಗ ಹ್ಯಾಂಗ ಗೊತ್ತಾತು?

ಗುರುಸಿದ್ದಯ್ಯ: ಅದು... ಓದೇನಿ.

ಈರವ್ವ: ಎದರಾಗ?

ಗುರುಸಿದ್ದಯ್ಯ: ರೈಲ್ವೆ ಪುಸ್ತಕದಾಗ.

ಈರವ್ವ: ರೈಲಿಗೆ ರೊಟ್ಟಿ ಹಾಕತಾರೇನು ಅಲ್ಲೆ? ಇಲ್ಲೆ ಕಲ್ಲಿದ್ದಲಿ ಹಾಕತಾರ.

ಮುರಿಗೆವ್ವ: (ಒಳಗಿನಿಂದ) ನಾ ಏನೂ ಹೇಳಿಲ್ಲರಿ. ನೀವ ಬಾಯಿ ಬಿಟ್ಟೀರಿ. ನನ್ನ ಆಣಿ ಹಂಗ ಐತಿ.

ಈರವ್ವ ಮೈದುನನನ್ನು ನೋಡಿದಳು, ನೆಗೆಣ್ಣಿಯನ್ನು ನೋಡಿದಳು. ಅವಳ ಮುಖದ ಮೇಲೆ ಮೆಲ್ಲಮೆಲ್ಲಗೆ ಬೆಳಕು ಹರಿಯತೊಡಗಿತು.

ಈರವ್ವ: ಮುಂಜಾನಿ ಛಲೋ... ಸಂಜಿಕ ಸಿಟ್ಟು... ಪಗಾರ ತಂದಿಡತಿದ್ರು... ಅಯ್ಯ ನನ ಶಿವನ, ಆ ಗಂಡಾಳು ಇವರಽ!

ಗುರುಸಿದ್ದಯ್ಯ: ಸುಳ್ಳು! ರಾಮಪ್ಪ, ಸುಳ್ಳು! ಜಂಗಮರ ಪೈಕಿ ಗಂಡಸು ನಾ, ಕೈಯಾಗ ಬೆತ್ತ ಹಿಡೀಬೇಕಾದಾವ, ಹಂಚು ಹಿಡೀತೇನೇನ?

ಮುರಿಗೆವ್ವ ಹೊಸದೊಂದು ರೊಟ್ಟಿ ಬಡಿದು, ಎತ್ತಿ ಹಂಚಿಗೆ ಹಾಕಿ, ಕೈ ಕಟ್ಟಿ ಗೋಡೆಗೆ ಒರಗಿ ಕುಳಿತಳು. ಈರವ್ವ ಬಾಗಿಲಲ್ಲೇ ನಿಂತು ಕೈ ಕಟ್ಟಿದಳು. ಹಂಚಿನ ಮೇಲೆ ರೊಟ್ಟಿ ಒಂದೇ.

ಗುರುಸಿದ್ದಯ್ಯ: ಯಾಕ ಕುಂತ್ರಿ? ಹಂಚಿನ ಮ್ಯಾಲ ಐತಿ ಅದು.

ಈರವ್ವ: ಇರಲೇಳ್ರಿ.

ಗುರುಸಿದ್ದಯ್ಯ: ಬಿಳೇದು ಆಗಾಕತ್ತೈತಿ.

ಮುರಿಗೆವ್ವ: ಆಗಲಿ.

ಗುರುಸಿದ್ದಯ್ಯ: ಯಾರಾದ್ರೂ ನೀರು ಹಚ್ಚ್ರಿ! ರಾಮಪ್ಪನೋರ ಜೋಳಾರೀ ಅದು, ಚೊಕ್ಕ ಬಿಳಿ ಜೋಳ!

ರಾಮಪ್ಪ: ನನ್ನ ಜೋಳದ ಮ್ಯಾಲ ಯಾಕ ಹಾಕತೀರಿ ಅಯ್ನಾರ? ನಾ ಸುಮ್ನ ಕುಂತೇನಿ.

ಇಪ್ಪತ್ತೊಂಬತ್ತು ವರ್ಷದ ರೂಢಿ. ಉಗ್ರಾಣದ ಮನುಷ್ಯ, ಕಣ್ಣೆದುರು ಒಂದು ಮೊಳೆ ತುಕ್ಕು ಹಿಡಿದರೆ ನಿದ್ದೆ ಬಾರದವರು. ಗುರುಸಿದ್ದಯ್ಯನವರು ಒಂದು ಕ್ಷಣ ಲೋಡು ಹಿಸುಕಿದರು. ಮರುಕ್ಷಣ ಶಾಲು ಲೋಡಿನ ಮೇಲಿತ್ತು, ಅವರು ಒಲೆಯ ಮುಂದಿದ್ದರು. ಒದ್ದೆ ಅರಿವೆಯಿಂದ ರೊಟ್ಟಿಯ ಮೈಯೆಲ್ಲ ಒಂದು ಸುತ್ತು ಸವರಿ, ಬೆರಳ ತುದಿಯಿಂದ ಮಗುಚಿ, ಹಂಚಿನಿಂದ ಎತ್ತಿ ಕೆಂಡಕ್ಕೆ ಆನಿಸಿದರು. ರೊಟ್ಟಿ ಗೋಪುರದಂತೆ ಉಬ್ಬಿತು.

ಈರವ್ವ ಬಾಯಿಗೆ ಸೆರಗು ಹಿಡಿದಳು. ನಗೆ ಸೆರಗಿನಾಚೆ ಬಂತು.

ಈರವ್ವ: ನನ್ನ ಸೊಸಿಗೂ ಹಿಂಗ ಉಬ್ಬಸಾಕ ಬರೂದಿಲ್ಲ!

ಮುರಿಗೆವ್ವ: ಉಗ್ರಾಣದ ಕೆಲಸ ಎಂಟಕ್ಕ ಚಾಲೂ ಆಗತಿತ್ತು ಅಕ್ಕಾರ. ಒಬ್ಬಾಕಿನ ಬಡದು ಬೇಯಿಸಿ ಮುಗಸೂದಾಗತಿರಲಿಲ್ಲ. ಅದಕ್ಕ ನಾ ಬಡ್ಯೂದು, ಇವರು ಬೇಯಿಸೂದು. ಇಬ್ಬರೂ ಕೂಡಿ ಕುಂತು ಬಿಸೀದು ಉಣ್ಣೂದು. ಮನ್ಯಾಗ ನೋಡಾವ್ರು ಯಾರೂ ಇರಲಿಲ್ಲ.

ಗುರುಸಿದ್ದಯ್ಯ: ಅದಕ್ಕ ನಾ ಆಣಿ ಹಾಕಿಸಿದ್ದು. ಅಲ್ಲೆ ನೋಡಾವ್ರು ಯಾರೂ ಇರಲಿಲ್ಲ!

ಹಾಗೆ ಹೇಳಿ ತಿರುಗಿದರೆ ಬಾಗಿಲಲ್ಲಿ ರಾಮಪ್ಪ. ಅಯ್ಯನವರ ಅಡಿಗೆಮನೆಯ ಹೊಸ್ತಿಲು ಭಕ್ತರು ದಾಟುವಂತಿಲ್ಲ. ಆದ್ದರಿಂದ ಕಾಲು ಹೊರಗಿಟ್ಟು ಉಳಿದ ಮೈಯೆಲ್ಲ ಒಳಗೆ ಬಾಗಿಸಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

ರಾಮಪ್ಪ: ಅಯ್ನಾರ, ನೀವು ನೈರೋಬಿಗೆ ಹೋಗೂದ ಛಲೋ.

ಗುರುಸಿದ್ದಯ್ಯ: ಏನು? ಈಗರೆ ತಾಯ್ನಾಡು ಅಂದ್ರಲ್ಲ!

ರಾಮಪ್ಪ: ತಾಯ್ನಾಡು ಖರೇರಿ, ಅದರಾಗ ನಾವೂ ಇರತೇವಲ್ಲ! ಅಯ್ನಾರು ಮಾಡಿದ್ದನ್ನ ಭಕ್ತರು ಮಾಡಬೇಕು ಅಂತಾಳ ನಮ್ಮ ಮನಿಯಾಕಿ. ನಾಳೆ ಈ ಸುದ್ದಿ ಆಕಿ ಕಿವಿಗೆ ಬಿದ್ರ, ನಾ ಮುಂಜಾನಿ ಅಂಗಡಿ ತೆಗೀಲೋ ಒಲಿ ಊದಲೋ? ನಿಮ್ಮ ಕಾಲು ಬೀಳತೇನ್ರಿ, ಹಡಗ ತಪ್ಪಿಸಬ್ಯಾಡ್ರಿ!

ಗುರುಸಿದ್ದಯ್ಯನವರಿಗೂ ಹೊಗೆಯ ನಡುವೆ ತಮ್ಮ ಮುಂದಿನ ದಿನಗಳು ಸ್ಪಷ್ಟವಾಗಿ ಕಂಡವು. ಓಣಿಯಲ್ಲಿ ಹತ್ತು ಮಂದಿ ಕಾಲು ಮುಟ್ಟುತ್ತಾರೆ. ಮುಟ್ಟಿ, ತಲೆಯೆತ್ತಿ, ನಗುತ್ತಾರೆ.

ಗುರುಸಿದ್ದಯ್ಯ: ಆತು. ಮುರಿಗೆವ್ವಾ, ನೀ ಗೆದ್ದಿ. ಪೆಟ್ಟಿಗಿ ಕಟ್ಟು. ನೈರೋಬಿಗೆ ಹೋಗೂಣು.

ಉಬ್ಬಿದ ರೊಟ್ಟಿಯನ್ನು ಈರವ್ವ ಎರಡು ಹೋಳು ಮಾಡಿ, ಬೆಣ್ಣೆ ಸವರಿ, ಒಂದನ್ನು ಮುರಿಗೆವ್ವನ ಕೈಗೆ ಇಟ್ಟಿದ್ದಳು. ಗಂಡಸರ ಪಂಕ್ತಿ ಇನ್ನೂ ಕುಳಿತೇ ಇರಲಿಲ್ಲ. ಆ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಬೆರಳು ಸುಡುತ್ತಿತ್ತು. ಮುರಿಗೆವ್ವ ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟಳು. ಈರವ್ವ ತನ್ನ ಹೋಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅದನ್ನು ನೋಡುತ್ತಲೇ ಇದ್ದಳು.

ಈರವ್ವ: ನನಗ ಅರವತ್ತಾತು ಮುರಿಗೆವ್ವಾ. ಮತ್ತೊಬ್ಬರು ಬೇಯಿಸಿದ್ದು ಬಿಸೀದು ತಿಂದಿದ್ದು ಬಾಣಂತಿತನದಾಗಷ್ಟ.

ಗುರುಸಿದ್ದಯ್ಯ: ಕೇಳಿಸ್ತೇನ? ಪೆಟ್ಟಿಗಿ ಕಟ್ಟು ಅಂದೆ.

ಮುರಿಗೆವ್ವ: ಯಾಕ್ರಿ? ನಾ ಇಲ್ಲೇ ಇರತೇನಿ.

ಗುರುಸಿದ್ದಯ್ಯ: ತಿಂಗಳಿಂದ ನೈರೋಬಿ ನೈರೋಬಿ ಅಂತ ನನ್ನ ತಲಿ ತಿಂದಾಕಿ ನೀನ ಅಲ್ಲೇನ?

ಮುರಿಗೆವ್ವ: ಅಲ್ಲೆ ನೀವು ಒಲಿ ಮುಂದ ಕುಂಡ್ರತಿದ್ರಿ, ಅದಕ್ಕ ಅಂದೆ. ಈಗ ಇಲ್ಲೇ ಕುಂತೀರಲ್ಲ. ಮತ್ತ ಸಮುದ್ರ ಯಾಕ ದಾಟಬೇಕು? ಅಕ್ಕಾರು ಬ್ಯಾರೆ ಅದಾರ, ಮಾತಿಗಾತು.

ಈರವ್ವ: ಹೋಗಬ್ಯಾಡ್ರಿ ಮೈದುನಾರ. ನಮ್ಮ ಮನಿ ಬಿಟ್ಟು ಪರದೇಶದಾಗ ಯಾಕ ಇರತೀರಿ? ನಿಮ್ಮ ಅಣ್ಣಾರೂ ಬರಲಿ ಈಗ, ನಿಮ್ಮ ಕೈಯಾಗ ಕಲೀತಾರ.

ರಾಮಪ್ಪ ಸದ್ದಿಲ್ಲದೆ ಚಪ್ಪಲಿ ಮೆಟ್ಟಿದ. ಆ ದಿನ ಮೊದಲ ಸಲ ಅವನು ಚಾ ಕೇಳದೆ ಹೋದ.

ಗುರುಸಿದ್ದಯ್ಯ: ಅಲ್ಲಾ, ನೀವು ನೀವ ಎಲ್ಲಾ ಗೊತ್ತು ಮಾಡಿದ್ರಿ. ಎಲ್ಲಿ ಇರಬೇಕು ಅಂತ ನನ್ನ ಒಂದು ಮಾತು ಕೇಳಾವ್ರು ಯಾರೂ ಇಲ್ಲೇನ?

ಮುರಿಗೆವ್ವ: ಇದ ಮಾತು ನಾನೂ ಕೇಳಿದ್ದೆ. ಮದಿವಿ ಆದ ವರ್ಷ, ಮುಂಬಯಿ ಬಂದರದಾಗ, ಹಡಗದ ಮೆಟ್ಟಲಾ ಮ್ಯಾಲ ನಿಂತು.

ಗುರುಸಿದ್ದಯ್ಯ: ನಾ ಏನಂದಿದ್ದೆ?

ಮುರಿಗೆವ್ವ: "ಹಿಂದ ಮಂದಿ ನಿಂತಾರ, ಲಗೂ ಹತ್ತು" ಅಂದಿದ್ರಿ.

ಅಷ್ಟರಲ್ಲಿ ಈರವ್ವ ಹಿಟ್ಟಿನ ಮುಂದೆ ಕುಳಿತು, ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿಯೇಬಿಟ್ಟಿದ್ದಳು.

ಈರವ್ವ: ಇಲ್ಲೆ ಹಿಂದ ಮಂದಿ ಕುಂತಾರ ಮೈದುನಾರ. ಲಗೂ ತಿರುವ್ರಿ.