ಅಕ್ಕನಿಗಾಗಿ ಕಾಮಕಸ್ತೂರಿ

ಅಕ್ಕನನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೊರಟ ಹೆಮ್ಮಾಡಿಯ ಚಂದಯ್ಯ, ಪಕ್ಕದ ಮನೆಯ ಕುಷ್ಟನಿಗೆ, "ಹ್ವಾಯ್, ಮನಿ ಬದಿ ಒಂಚೂರ್ ಕಾಣ್ ಮಾರಾಯ" ಎಂದುಬಿಟ್ಟ. ಎಡವಟ್ಟಾದದ್ದು ಅಲ್ಲೇ. ಕುಷ್ಟನಿಗೆ ಉಪಕಾರ ಮಾಡುವ ಚಟ. ಕೇಳದೆಯೇ ಮಾಡುವವನು, ಕೇಳಿದರೆ ಬಿಡುತ್ತಾನೆಯೇ?

ಮುಂಬೈಯ ಅಕ್ಕ ಅಮ್ಮಣ್ಣಿ ಎಂಟು ವರ್ಷಗಳ ಹಿಂದೆ ಬಂದಾಗ ಎರಡೇ ದಿನಕ್ಕೆ ಹೊರಟು ನಿಂತಿದ್ದಳು. "ಅಬ್ಬಿ ಇಪ್ಪತಿಗೆ ಅಂಗಳ ತುಂಬ ಕಾಮಕಸ್ತೂರಿ, ಜೇನಿನ್ ಗುಂಯ್ ಅಂಬು ಶಬ್ದ. ಈಗ ಎಂತ ಇತ್ತ್ ಇಲ್ಲಿ?" ತೀರಿಹೋದ ಅಮ್ಮನ ನೆನಪು ತೆಗೆದು ಅಕ್ಕ ಆಡಿದ ಆ ಮಾತು ಚಂದಯ್ಯನ ಎದೆಯಲ್ಲೇ ಉಳಿದಿತ್ತು. ಈ ಸಲ ಅವಳು ಒಂದು ತಿಂಗಳಾದರೂ ಇರಬೇಕು.

ಅದಕ್ಕೆಂದೇ ಮಳೆ ನಿಂತೊಡನೆ ಕಾಮಕಸ್ತೂರಿ ಬಿತ್ತಿ, ಸೊಂಟ ಹಿಡಿದರೂ ಬಿಡದೆ ನೀರು ಹೊಯ್ದ. ಹೂವಿಗೆ ಜೇನು ಬಂತು. ಕಳೆದ ವಾರ ದನದ ಹಟ್ಟಿಯಲ್ಲಿ ತೂಗಿದ್ದ ಹಳೆಯ ಗಡಿಗೆಯೊಳಗೆ ಒಂದು ಹಿಂಡು ಸಂಸಾರವನ್ನೇ ಹೂಡಿತು. ಕಣ್ಣು ಮುಚ್ಚಿದರೆ ಅಬ್ಬಿ ಅಲ್ಲೇ ಅಂಗಳ ಗುಡಿಸುತ್ತಿದ್ದ ಹಾಗೆ ಅನಿಸಿ ಅವನಿಗೆ ಅಳು ಬರುತ್ತಿತ್ತು.

ರೈಲು ಒಂದು ಗಂಟೆ ತಡ. ಫೋನು ಬಂತು.

"ಚಂದಯ್ಯಣ್ಣ, ನಿಮ್ ಹಟ್ಟಿಯಗೆ ಜೇನ್ ಇತ್ತಲೆ!"

"ಇರ್ಲಾ! ಮುಟ್ಬೇ..." ಸಿಗ್ನಲ್ ಹೋಯಿತು.

ಕಾಲು ಗಂಟೆಯಲ್ಲಿ ಮತ್ತೆ ಕುಷ್ಟ. "ಹೆದ್ರಬೇಡಿ, ಕಾಯಿಸಿಪ್ಪಿ ಹೊಗಿ ಹಾಕ್ದೆ. ಈಗ ಒಂದೂ ಇಲ್ಲೆ."

ಮೂರನೆಯ ಫೋನು: "ಹೂಗ್ ಇದ್ರೆ ಮತ್ ಬತ್ತೊ ಅಂದೇಳಿ ನನ್ ಹೆಂಡ್ತಿ ಪ್ರಫುಲ್ಲಾ ಗಿಡ ಎಲ್ಲ ಕೊಯ್ದ್ಲ್."

ರೈಲಿನಿಂದ ಇಳಿದ ಅಮ್ಮಣ್ಣಿ ತಮ್ಮನ ಮುಖ ನೋಡಿದಳು. "ಎಂತಾ ಚಂದು, ಹಿಂಡಿದ್ ಲಿಂಬೆಹಣ್ಣಿನ್ ಕಣಗೆ ಆಯ್ದೆ? ನಾಡ್ದೇ ವಾಪಸ್ ಟಿಕೆಟ್ ಮಾಡಿದೆ. ಇಲ್ಲಿ ಕೂಕಂಡ್ ಎಂತ ಮಾಡುದ್?"

ರಿಕ್ಷಾ ಮನೆಯ ಮುಂದೆ ನಿಂತಿತು. ಅಂಗಳದಲ್ಲಿ ಬರೀ ಕೂಳೆ, ಹಟ್ಟಿಯಲ್ಲಿ ಮಸಿ ಹಿಡಿದ ಗಡಿಗೆ. ಅಮ್ಮಣ್ಣಿ ಮಾತ್ರ ತಟ್ಟನೆ ನಿಂತಳು. "ಗುಂಯ್ ಅಂತಿತ್ತಲ್ದಾ?"

ಶಬ್ದ ಬಂದದ್ದು ಕುಷ್ಟನ ಮನೆಯಿಂದ. ಹೊಗೆಗೆ ಎದ್ದ ಹಿಂಡು ಅವನದೇ ಜಗಲಿಯ ಮಾಡಿನಲ್ಲಿ ಕುಳಿತಿತ್ತು. ಕೆಳಗೆ ಕೊಡಪಾನದ ತುಂಬ ಪ್ರಫುಲ್ಲಾ ಇಟ್ಟ ಕಾಮಕಸ್ತೂರಿ, ಅದರ ಸುತ್ತ ಜೇನು. ಕುಷ್ಟ ಇನ್ನೊಂದು ಸಿಪ್ಪೆಗೆ ಬೆಂಕಿ ಹಚ್ಚುತ್ತಿದ್ದ.

"ಆರ್ಸ್ ಅದನ್!" ಅಮ್ಮಣ್ಣಿ ಗುಡುಗಿದಳು. ಮೆಲ್ಲಗೆ ಜಗಲಿಯಲ್ಲಿ ಕುಳಿತು ಕಣ್ಣು ಮುಚ್ಚಿದಳು. ಕೆನ್ನೆ ಒದ್ದೆಯಾಯಿತು. "ಅಬ್ಬಿ ಕರ್ದಂಗೇ ಆತ್ತ್. ಟಿಕೆಟ್ ಕ್ಯಾನ್ಸಲ್ ಮಾಡ್ ಚಂದು. ತಿಂಗ್ಳ್ ಪೂರಾ ಇರ್ತೆ."

ಚಂದಯ್ಯನ ಮುಖ ಅರಳಿತು. "ಅಕ್ಕ, ಈ ಹೂಗು ನಾನೇ..."

"ಸುಮ್ನಿರಾ, ಕೇಂಬುಕ್ ಬಿಡ್. ನಿನ್ ಅಂಗಳ ಕಂಡೆ, ಬರೀ ಕೂಳಿ. ಕುಷ್ಟನ್ ಕಂಡಾರೂ ಕಲಿ. ನನ್ ಚೀಲ ಇಲ್ಲಿಗೇ ತಕಂಡ್ ಬಾ."

ಚಂದಯ್ಯ ಚೀಲ ಹೊತ್ತು ಬೇಲಿ ದಾಟಿದ. ಕುಷ್ಟ ಓಡಿಬಂದು ಅದನ್ನು ಕೈಯಿಂದ ಇಸಿದುಕೊಂಡ.

"ನೀವ್ ಹೋಯ್ನಿ ಚಂದಯ್ಯಣ್ಣ. ಅಕ್ಕನ್ ನಾನ್ ಕಾಣ್ಕಂತೆ."