ಬೂದಿ ಮೀನು, ಕೆಂಪು ಮೀನು

ಒಂದು ಮೀನಿನ ಗುರುತು ಹಿಡಿಯುವುದಕ್ಕೆ ನನಗೆ ಯಾರ ಸಹಾಯವೂ ಬೇಕಿಲ್ಲ ಎಂದು ಮೊದಲೇ ಘೋಷಿಸಿಬಿಟ್ಟಿದ್ದೆ. ಅಹಂಕಾರ ಅಂದುಕೊಳ್ಳಬೇಡಿ, ಅನುಭವ. ಬ್ಯಾಂಕಿನಲ್ಲಿ ಚೆಕ್ಕಿನ ಮೇಲಿನ ಸಹಿ ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದೇ ನನ್ನ ಉದ್ಯೋಗ. ಗಂಡನ ಸಹಿಯನ್ನು ತಾನೇ ಗೀಚಿಕೊಂಡು ಬಂದ ಮಹಿಳೆಯನ್ನು ಒಂದು ಅಕ್ಷರದ ಕೊಂಬಿನ ಬಾಗಿನಿಂದಲೇ ಹಿಡಿದವನು ನಾನು. ಅಂಥ ಕಣ್ಣಿಗೆ ಮೀನು ಯಾವ ಲೆಕ್ಕ!

ಮೀನು ಬಂದದ್ದು ನಮ್ಮ ಕ್ಯಾಷಿಯರ್ ಕಡೆಯಿಂದ. ವರ್ಗವಾಗಿ ಹೋಗುವಾಗ ಗಾಜಿನ ತೊಟ್ಟಿಯ ಸಮೇತ ನನ್ನ ಓದುವ ಕೋಣೆಯಲ್ಲಿ ತಂದಿಟ್ಟರು.

"ಸಿಕ್ಲಿಡ್ ಜಾತಿ ಸಾರ್. ಅದರಲ್ಲಿ ನೂರಾರು ಬಗೆ. ಕೆಲವು ಸಾಧು. ಕೆಲವು, ಜೊತೆಗೆ ಏನು ಬಿಟ್ರೂ ಮುಗಿಸಿಬಿಡ್ತವೆ."

"ಇದು ಯಾವ ಬಗೆ?"

"ಅದನ್ನ ನಿಮ್ಮನ್ನೇ ಕೇಳೋಣ ಅಂತಿದ್ದೆ" ಎಂದವರು ಸಾಮಾನಿನ ಲಾರಿ ಹತ್ತಿಬಿಟ್ಟರು.

ಅದು ಒಂಟಿಯಾಗಿಯೇ ಇರುತ್ತಿತ್ತೇನೋ. ಆದರೆ ಅಷ್ಟರಲ್ಲಿ ನಮ್ಮ ಅತ್ತೆ ನಮ್ಮ ಜೊತೆ ಬಂದಿರಲು ಒಪ್ಪಿದರು. ಒಂದೇ ಷರತ್ತು, ಅವರ ಗೋಲ್ಡ್‌ಫಿಶ್. ಮಾವ ತೀರಿಕೊಳ್ಳುವ ಮೊದಲು ಕೊನೆಯದಾಗಿ ಮನೆಗೆ ತಂದದ್ದು ಅದನ್ನೇ. ಈಗ ಅಂಗೈಯಗಲ ಬೆಳೆದಿದೆ. "ಅದಕ್ಕೆ ಜಾಗ ಇದ್ರೆ ನನಗೂ ಜಾಗ" ಎಂದು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಇನ್ನೊಂದು ತೊಟ್ಟಿ ತರೋಣವೆಂದರೆ ನನ್ನವಳು, "ತನ್ನಿ. ನಾನು ಬಾಲ್ಕನಿಯಲ್ಲಿ ನಿಂತ್ಕೋತೀನಿ" ಎಂದಳು. ಅಂದಮೇಲೆ ಎರಡೂ ಒಂದೇ ತೊಟ್ಟಿಯಲ್ಲಿ ಬಾಳಬೇಕು. ಬಾಳುತ್ತವೆಯೇ? ತೀರ್ಪು ನನ್ನದು.

"ನೋಡಿ, ನೀವು ಸಾಧು ಅಂದು, ಅದು ಅಪ್ಪನ ಮೀನನ್ನ ತಿಂದುಹಾಕಿದ್ರೆ, ಅಮ್ಮನ ಮುಂದೆ ನಿಂತು ನೀವೇ ಹೇಳ್ಬೇಕು."

"ದುಷ್ಟ ಅಂದ್ರೆ?"

"ಅಮ್ಮ ಬರಲ್ಲ. ಆಗ ನನ್ನ ಮುಂದೆ ನಿಂತು ಹೇಳ್ಬೇಕು."

ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ತನಿಖೆಗೆ ಕೂತೆ. ಬೂದಿ ಬಣ್ಣ. ಮೈಮೇಲೆ ಗೆರೆಯಿಲ್ಲ, ಚುಕ್ಕೆಯಿಲ್ಲ. ರೆಕ್ಕೆಗಳನ್ನು ಮಡಚಿಕೊಂಡು, ಸಾಲ ಕೇಳಲು ಬಂದವನಂತೆ ಕಲ್ಲಿನ ಹಿಂದೆ ನಿಂತಿದೆ. ಪರಮ ಸಾಧು. ತೀರ್ಪನ್ನು ಅಡುಗೆಮನೆಗೆ ಹೋಗಿ ಗಂಭೀರವಾಗಿ ಓದಿ ಹೇಳಿದೆ.

"ಬೂದಿ ಬಣ್ಣನಾ?" ಎಂದಳು ನನ್ನವಳು. "ಬೆಳಿಗ್ಗೆ ಕಸ ಗುಡಿಸುವಾಗ ನೋಡಿದೆನಲ್ಲ. ಗಂಟಲು ಕೆಂಡದ ಹಾಗಿತ್ತು. ಪಕ್ಕದಲ್ಲಿ ಕಪ್ಪು ಪಟ್ಟೆ."

"ನಿನ್ನ ಕನ್ನಡಕ ಬದಲಾಯಿಸ್ಬೇಕು."

"ನಾನು ಕನ್ನಡಕ ಹಾಕಲ್ಲ. ಹಾಕೋರು ನೀವು."

ಇಬ್ಬರೂ ಹೋಗಿ ನೋಡಿದೆವು. ಬೂದಿ. ನಾನು ಗೆದ್ದ ನಗೆ ನಕ್ಕೆ. ಆದರೆ ಸಂಜೆ ಅವಳು ಮತ್ತೆ ಕೆಂಪೆಂದಳು. ಮರುದಿನವೂ ಕೆಂಪೆಂದಳು. ಕಡೆಗೆ ನನ್ನ ಆತ್ಮವಿಶ್ವಾಸ ಅಲ್ಲಾಡಿ, ಕಣ್ಣಿನ ಡಾಕ್ಟರ ಮುಂದೆ ಗಲ್ಲವಿಟ್ಟು ಕೂತೆ.

"ಕಣ್ಣು ಚೆನ್ನಾಗಿದೆ. ತೊಂದರೆ ಏನು?"

"ನಮ್ಮನೆ ಮೀನು ನನ್ನ ಹೆಂಡತಿಗೆ ಕೆಂಪಗೆ ಕಾಣತ್ತೆ ಡಾಕ್ಟ್ರೇ."

ಅವರು ದೀಪ ಆರಿಸಿ, ಬೇರೆ ಡಾಕ್ಟರ ವಿಳಾಸ ಕೊಟ್ಟರು. ಅದು ಕಣ್ಣಿನ ಡಾಕ್ಟರದ್ದಾಗಿರಲಿಲ್ಲ.

ಅವಮಾನ ನುಂಗಿಕೊಂಡು ಮೊಬೈಲಿನಲ್ಲಿ ಮೀನು ಸಾಕುವವರ ಗುಂಪೊಂದಕ್ಕೆ ಸೇರಿದೆ. ನಾನು ತೆಗೆದ ಫೋಟೊ ಕಳಿಸಿದೆ. "ಬಡಪಾಯಿ, ಯಾರ ತಂಟೆಗೂ ಹೋಗಲ್ಲ" ಎಂದರು. ನನ್ನವಳು ತೆಗೆದದ್ದನ್ನು ಕಳಿಸಿದೆ. "ಅಯ್ಯೋ, ತೊಟ್ಟಿಯಲ್ಲಿ ಬೇರೆ ಯಾರಿದ್ದರೂ ಈಗಲೇ ತೆಗೀರಿ" ಎಂದರು. ಎರಡೂ ಒಂದೇ ಮೀನು ಎಂದೆ. ನಾನು ಸುಳ್ಳುಗಾರನೆಂದು ಅರ್ಧ ಗುಂಪು, ಹುಚ್ಚನೆಂದು ಉಳಿದರ್ಧ. ಒಬ್ಬನೇ ಮನುಷ್ಯ ಹಾಕಿದ ಎರಡು ಸಹಿ, ಒಂದಕ್ಕೊಂದು ಸಂಬಂಧವಿಲ್ಲ, ಎರಡೂ ಅಸಲಿ. ಇಂಥ ಗಿರಾಕಿ ನನ್ನ ಇಡೀ ಸರ್ವಿಸಿನಲ್ಲಿ ಬಂದಿರಲಿಲ್ಲ. ಆ ವಾರ ಬ್ಯಾಂಕಿನಲ್ಲಿ ನಮ್ಮ ಮ್ಯಾನೇಜರ್ ಸಹಿಯನ್ನೇ ಅನುಮಾನಿಸಿ ವಾಪಸ್ ಕಳಿಸಿದೆ.

ತೀರ್ಪು ಹೊರಬೀಳುವ ಮೊದಲೇ ಅತ್ತೆ ಬಂದಿಳಿದರು. ಮುಚ್ಚಳವಿದ್ದ ಬಕೆಟ್ಟಿನಲ್ಲಿ ಗೋಲ್ಡ್‌ಫಿಶ್ ಬುಳುಬುಳು ಅನ್ನುತ್ತಿತ್ತು. ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೇರವಾಗಿ ನನ್ನ ಕುರ್ಚಿಯಲ್ಲಿ ಕೂತು ತೊಟ್ಟಿಯೊಳಗೆ ಇಣುಕಿದರು. ಅನಾಹುತವಾದರೆ ಹಾರಿ ಬೀಳಲು ನಾನು ಬಲೆ ಹಿಡಿದು ಪಕ್ಕದಲ್ಲಿ ನಿಂತೆ.

"ಇದಾ ರಾಕ್ಷಸ? ಜೀವವೇ ಇಲ್ವಲ್ಲ" ಎಂದರು. ನನ್ನನ್ನು ಒಮ್ಮೆ, ಮೀನನ್ನು ಒಮ್ಮೆ ನೋಡಿದರು. "ಅಳಿಯಂದಿರೇ, ಸ್ವಲ್ಪ ಆಚೆ ಹೋಗಿ."

ಹೋದೆ. ಒಳಗಿನಿಂದ ತಾಯಿ ಮಗಳ ಉದ್ಗಾರ ಕೇಳಿತು. ಒಳಗೆ ಓಡಿದೆ. ಬೂದಿ.

"ಇನ್ನೊಂದ್ಸಲ ಹೋಗಿ."

ಹೋದೆ. "ಬನ್ನಿ." ಬಂದೆ. ನಾಳೆ ಬನ್ನಿ ಎಂದು ನಾನು ಅಲೆಸಿದ ಗಿರಾಕಿಗಳೆಲ್ಲ ಕಣ್ಣ ಮುಂದೆ ಬಂದರು. ಬಾಗಿಲ ಸಂದಿಯಿಂದಾದರೂ ಆ ಕೆಂಪನ್ನು ನೋಡೋಣವೆಂದು ಬಗ್ಗಿದೆ.

"ನಿಮ್ಮ ಮೂಗು ಕಾಣಿಸ್ತಿದೆ ರೀ. ಬಣ್ಣ ಇಳೀತಿದೆ" ಎಂದಳು ನನ್ನವಳು.

ನಾನಿಲ್ಲದ ಹೊತ್ತಿನಲ್ಲಿ ಅವಳೇ ವಿಡಿಯೊ ತೆಗೆದು ಗುಂಪಿಗೆ ಕಳಿಸಿದಳು. ಈ ಸಲ ಎಲ್ಲರದೂ ಒಂದೇ ಮಾತು: ಫೈರ್‌ಮೌತ್. ಗಂಟಲು ಉಬ್ಬಿಸಿ ಕೆಂಪು ತೋರಿಸುವುದು ಬರೀ ಬೆದರಿಕೆ, ಕಚ್ಚುವುದು ಅಪರೂಪ. ಗೋಲ್ಡ್‌ಫಿಶ್ ಜೊತೆ ಇದನ್ನು ಇಡುವ ರೂಢಿಯಿಲ್ಲ, ಆದರೆ ಅದು ಅಷ್ಟು ದೊಡ್ಡದಿದ್ದರೆ ಬಿಟ್ಟು ನೋಡಿ. ಇನ್ನೊಂದು ವಿಷಯ, ಹೆದರಿದಾಗ ಇದು ಬೂದಿಯಾಗುತ್ತದೆ. ಏನನ್ನು ಕಂಡು ಹೆದರುತ್ತದೋ ಪತ್ತೆ ಮಾಡಿ, ಅದನ್ನು ಅಲ್ಲಿಂದ ತೆಗೆದುಬಿಡಿ.

ಪತ್ತೆ ಮಾಡುವ ಕೆಲಸ ಉಳಿದಿರಲಿಲ್ಲ.

ಗೋಲ್ಡ್‌ಫಿಶ್ಶನ್ನು ಬಿಟ್ಟರು. ಫೈರ್‌ಮೌತ್ ಗಂಟಲು ಉಬ್ಬಿಸಿತಂತೆ. ಗೋಲ್ಡ್‌ಫಿಶ್ ಲೆಕ್ಕಿಸದೆ ಪಕ್ಕದಲ್ಲೇ ಹಾದುಹೋಯಿತಂತೆ. ಈಗ ಎರಡೂ ಒಟ್ಟಿಗೆ ಉಣ್ಣುತ್ತವಂತೆ. ಎಲ್ಲ 'ಅಂತೆ'. ಅತ್ತೆ ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ, ಮೀನುಗಳಿಗೆ ಮಾವನ ಕಥೆ ಹೇಳುತ್ತ ಸುಖವಾಗಿದ್ದಾರೆ. ನನ್ನ ಮೇಜು, ಪುಸ್ತಕ, ದಿಂಬು ಎಲ್ಲ ಹಜಾರದಲ್ಲಿ ಚಪ್ಪಲಿ ಗೂಡಿನ ಪಕ್ಕಕ್ಕೆ ಬಂದಿವೆ. ಸ್ವಂತ ಮನೆಯಲ್ಲಿ ನನ್ನ ಕೋಣೆ ದಾಟಬೇಕಾದರೆ ಗೋಡೆಗೆ ಅಂಟಿಕೊಂಡು ಹೋಗುತ್ತೇನೆ.

ಮೊನ್ನೆ ತಡೆಯಲಾರದೆ ಗುಂಪಿನಲ್ಲಿ ಕೇಳಿದೆ: ಇದಕ್ಕೆ ಹೊಂದದ ಒಂದು ಜೀವವಿದೆ, ನಿಧಾನವಾಗಿ ಹೊಂದಿಸುವ ದಾರಿಯುಂಟೇ?

"ಯಾವ ಜಾತಿ ಅಂತ ನೋಡದೆ ಹೇಳೋದು ಹೇಗೆ? ಫೋಟೊ ಹಾಕಿ" ಎಂದರು.

ನಾನು ಬೇಡ ಬೇಡವೆನ್ನುತ್ತಿದ್ದಂತೆ ನನ್ನವಳು ಮೊಬೈಲು ಕಿತ್ತುಕೊಂಡು, ಚಪ್ಪಲಿ ಗೂಡಿನ ಪಕ್ಕ ಕೂತಿದ್ದ ನನ್ನದೇ ಫೋಟೊ ತೆಗೆದು ಕಳಿಸಿಬಿಟ್ಟಳು. ಉತ್ತರ ತಡವಾಗಲಿಲ್ಲ. ಅವಳೇ ಗಟ್ಟಿಯಾಗಿ ಓದಿದಳು:

"ಇದೂ ಬಣ್ಣ ಬಿಟ್ಟಿದೆ. ಮೂಲೆ ಹಿಡಿದಿದೆ. ಜೊತೆಗಿರೋರು ಜೋರಿರಬೇಕು, ಸ್ವಲ್ಪ ವಿಚಾರಿಸಿ."

ಕೋಣೆಯೊಳಗಿಂದ ಅತ್ತೆಯ ಧ್ವನಿ ಬಂತು: "ಪಾಪ, ಯಾವ ಮೀನೇ ಅದು? ಸರಿಯಾಗಿ ತಿನ್ನುತ್ತಾ ಕೇಳು."

"ತಿನ್ನೋದಕ್ಕೇನೂ ಕಡಿಮೆ ಇಲ್ಲಮ್ಮ" ಎಂದಳು ನನ್ನವಳು.